ಧಮ್ಮಪದದ ಗಾಥೆಗಳು ಮತ್ತು ಮೌಖಿಕ ಸೂತ್ರಸಿದ್ಧಾಂತದ ಮಿತಿ

ಪಾಲಿ ಧಮ್ಮಪದವನ್ನು ಜಾನಪದ ಅಧ್ಯಯನದ ವ್ಯಾಪ್ತಿಗೆ ತರುವಾಗ ಒಂದು ಸುಲಭದ ದಾರಿ ಎದುರಾಗುತ್ತದೆ. ಈ ಗಾಥೆಗಳು ಬರಹಕ್ಕಿಳಿಯುವ ಮೊದಲು ಕಂಠಸ್ಥವಾಗಿ ಉಳಿದುಬಂದವು. ಸಿದ್ಧ ಪದಪುಂಜಗಳೂ ಪಲ್ಲವಿಗಳೂ ಇವುಗಳಲ್ಲಿ ಹೇರಳ. ಆದ್ದರಿಂದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅವರ ಸೂತ್ರಸಿದ್ಧಾಂತ ಇಲ್ಲಿಗೂ ಸಲ್ಲುತ್ತದೆ ಎಂಬುದು ಆ ದಾರಿ. ಮೇಲುನೋಟಕ್ಕೆ ಒಪ್ಪುವಂತಿರುವ ಈ ನಿಲುವು ಪಠ್ಯದ ಮುಂದೆ ನಿಲ್ಲುವುದಿಲ್ಲ.

ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯದಲ್ಲಿ ಕಂಡ ಗಾಯಕ ಹಾಡುತ್ತಲೇ ಕಟ್ಟುವವನು. ಒಮ್ಮೆ ಹಾಡಿದಂತೆಯೇ ಮತ್ತೊಮ್ಮೆ ಹಾಡುವುದು ಅವನ ಗುರಿಯಲ್ಲ. ಬೌದ್ಧ ಸಂಘದ ಭಾಣಕರ ಕೆಲಸ ಬೇರೆ ಬಗೆಯದು. 'ಸಂಗೀತಿ' ಎಂಬ ಮಾತೇ ಕೂಡಿ ಪಠಿಸುವುದನ್ನು ಸೂಚಿಸುತ್ತದೆ. ಹಲವು ಭಿಕ್ಷುಗಳು ಒಂದೇ ಕೊರಳಾಗಿ ಪಠಿಸಬೇಕಾದರೆ ಮಾತು ಮೊದಲೇ ನಿಶ್ಚಿತವಾಗಿರಬೇಕು. ಪಲ್ಲವಿ, ಪುನರುಕ್ತಿಗಳು ಇಲ್ಲಿ ಕಟ್ಟುವುದಕ್ಕಿಂತ ಕಟ್ಟಿದ್ದನ್ನು ಕಾಯುವುದಕ್ಕೆ ಒದಗಿವೆ.

ಹಾಗಾದರೆ ಪಾಠಾಂತರಗಳ ಗತಿಯೇನು? ಪಾಲಿ ಪಾಠದಲ್ಲಿ 26 ವಗ್ಗಗಳು, 423 ಗಾಥೆಗಳು, ಬ್ರಾಹ್ಮಣವಗ್ಗ ಕೊನೆಯದು. 1892ರಲ್ಲಿ ಖೋತಾನ್ ಪ್ರದೇಶದಲ್ಲಿ ದೊರೆತ, 1962ರಲ್ಲಿ ಜಾನ್ ಬ್ರೋ ಸಂಪಾದಿಸಿ ಪ್ರಕಟಿಸಿದ ಖರೋಷ್ಠೀ ಲಿಪಿಯ ಗಾಂಧಾರೀ ಧರ್ಮಪದದಲ್ಲಿ ಅದೇ ವರ್ಗ ಮೊದಲನೆಯದು. ಸಂಸ್ಕೃತದ ಉದಾನವರ್ಗದಲ್ಲಿ ವರ್ಗಗಳೇ 33. ಭಾಷೆ, ಸಂಖ್ಯೆ, ಅನುಕ್ರಮ ಬೇರೆಯಾದರೂ ಅನೇಕ ಗಾಥೆಗಳು ಗುರುತು ಸಿಗುವಷ್ಟು ಒಂದೇ. ಅಲ್ಲಲ್ಲಿ ಪದಗಳೂ ಬದಲಾಗಿವೆ, ನಿಜ. ಆದರೆ ಹೆಚ್ಚಾಗಿ ಕದಲಿದ್ದು ಗಾಥೆಯ ಸ್ಥಾನ, ಗಾಥೆಯಲ್ಲ. ಇದು ಹಾಡುಗಾರನ ಸ್ವಾತಂತ್ರ್ಯವಲ್ಲ, ಸಂಕಲನಕಾರರದು.

ಸೂತ್ರಸಿದ್ಧಾಂತ ಸಂಪೂರ್ಣ ನಿರುಪಯುಕ್ತವೆಂದು ಇದರ ಅರ್ಥವಲ್ಲ. ಹುಟ್ಟಿನಿಂದಲ್ಲ, ನಡತೆಯಿಂದ ಬ್ರಾಹ್ಮಣನೆಂದು ಸಾರುವ ಬ್ರಾಹ್ಮಣವಗ್ಗದ ಪಲ್ಲವಿಗೆ ತೀರ ಸಮೀಪದ ಪಲ್ಲವಿ ಜೈನರ ಉತ್ತರಾಧ್ಯಯನ ಸೂತ್ರದ 25ನೆಯ ಅಧ್ಯಯನದಲ್ಲಿಯೂ ಇದೆ. ಯಾರು ಯಾರಿಂದ ಪಡೆದರು ಎಂಬ ವಾದಕ್ಕೆ ವಿದ್ವಾಂಸರು ಅಗತ್ಯಕ್ಕಿಂತ ಹೆಚ್ಚು ಬೆಲೆ ಕೊಟ್ಟಿದ್ದಾರೆ. ಅದು ಶ್ರಮಣ ಪಂಥಗಳ ಸಾಮಾನ್ಯ ಭಂಡಾರದ ಮಾತಾಗಿರುವ ಸಂಭವವೇ ಹೆಚ್ಚು. ಪರಸ್ಪರ ಸ್ಪರ್ಧಿಗಳಾದ ಎರಡು ಪಂಥಗಳು ಎದುರಾಳಿಯ ಗೌರವಸೂಚಕ ಪದವನ್ನೇ ಎತ್ತಿಕೊಂಡು ಅದರ ಅರ್ಥವನ್ನು ಬದಲಿಸಿದುದು ಇಲ್ಲಿನ ಮುಖ್ಯ ಸಂಗತಿ.

ಮೊದಲ ವರ್ಗವಾದ ಯಮಕವಗ್ಗದ ಜೋಡಿಗಳನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಇಲ್ಲಿ 20 ಗಾಥೆಗಳು. ಮೊದಲ ಜೋಡಿಯ ಎರಡೂ ಗಾಥೆಗಳ ವಾಕ್ಯರಚನೆ ಬಹುತೇಕ ಒಂದೇ. ಕೆಟ್ಟ ಮನಸ್ಸಿನ ಜಾಗದಲ್ಲಿ ತಿಳಿಯಾದ ಮನಸ್ಸು, ದುಃಖದ ಜಾಗದಲ್ಲಿ ಸುಖ ಬರುತ್ತದೆ. ಒಂದನ್ನು ಬಲ್ಲವನಿಗೆ ಇನ್ನೊಂದು ತಾನಾಗಿ ನೆನಪಿಗೆ ಬರುತ್ತದೆ. ಆದರೆ ಉಪಮೆ ಈ ಸಮತೆಯನ್ನು ಮುರಿಯುತ್ತದೆ. ದುಃಖವು ಎತ್ತಿನ ಹೆಜ್ಜೆಯ ಹಿಂದೆ ಬರುವ ಗಾಲಿ. ಅದಕ್ಕೆ ಭಾರವಿದೆ, ಎತ್ತು ಎಳೆಯಲೇಬೇಕು. ಸುಖವು ಬಿಡದೆ ಬರುವ ನೆರಳು; ಅದಕ್ಕೆ ಭಾರವೇ ಇಲ್ಲ. ಎರಡೂ ಹಿಂಬಾಲಿಸುತ್ತವೆ, ಹಿಂಬಾಲಿಸುವ ಬಗೆ ಬೇರೆ. ಇದನ್ನು ಕೇವಲ ನೆನಪಿನ ಉಪಾಯವೆಂದು ಕರೆದರೆ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ. 1855ರ ಫೌಸ್‌ಬೋಲ್ ಆವೃತ್ತಿಯಿಂದ ಮುದ್ರಿತ ಗ್ರಂಥವಾಗಿ ಹರಡಿದ ಧಮ್ಮಪದವನ್ನು ಬಿಡಿ ಬಿಡಿ ನೀತಿವಾಕ್ಯಗಳಾಗಿ ಓದುವ ರೂಢಿ ಬೆಳೆದಿದೆ. ಮೊದಲನೆಯ ಗಾಥೆಯೊಂದನ್ನೇ ಆರಿಸಿ ಅಚ್ಚುಹಾಕಿದ ಸುಭಾಷಿತ ಸಂಗ್ರಹದಲ್ಲಿ ಓದುಗನಿಗೆ ಸಿಗುವುದು ಗಾಲಿ ಮಾತ್ರ.