ಪುಸ್ತಕ ಒಳ್ಳೆಯದೇ, ಆದರೆ ಐಇಎಲ್‌ಟಿಎಸ್‌ಗೆ ಅದೊಂದೇ ಸಾಲದು

ನಾರ್ಮನ್ ಲೂಯಿಸ್ ಬರೆದ ‘ವರ್ಡ್ ಪವರ್ ಮೇಡ್ ಈಸಿ’ ಅಮೆರಿಕದಲ್ಲಿ ಮೊದಲು ಪ್ರಕಟವಾದದ್ದು 1949ರಲ್ಲಿ. ಮುಕ್ಕಾಲು ಶತಮಾನ ಕಳೆದರೂ ನಮ್ಮ ವಿದ್ಯಾರ್ಥಿಗಳ ಮೇಜಿನಿಂದ ಅದು ಮಾಯವಾಗಿಲ್ಲ. ಬ್ಯಾಂಕ್ ಪರೀಕ್ಷೆಯಿರಲಿ, ವಿದೇಶದಲ್ಲಿ ಓದಲು ಬೇಕಾದ ಐಇಎಲ್‌ಟಿಎಸ್ ಇರಲಿ, ಇಂಗ್ಲಿಷ್ ಪದಸಂಪತ್ತು ಹೆಚ್ಚಿಸಿಕೊಳ್ಳುವುದು ಹೇಗೆಂದು ಕೇಳಿದವರಿಗೆ ಮೊದಲು ಸಿಗುವ ಸಲಹೆ ಇದೇ ಪುಸ್ತಕ. ಈ ಸಲಹೆ ಎಷ್ಟು ಸರಿ ಎಂಬುದನ್ನು ಐಇಎಲ್‌ಟಿಎಸ್ ಮಟ್ಟಿಗಾದರೂ ಒರೆಗೆ ಹಚ್ಚಿ ನೋಡಬೇಕು.

ಮೊದಲು ಪುಸ್ತಕದ ಹೆಚ್ಚುಗಾರಿಕೆ. ಲೂಯಿಸ್ ಪದಗಳನ್ನು ಅಕಾರಾದಿಯಾಗಿ ಜೋಡಿಸುವುದಿಲ್ಲ. ಒಂದು ವಿಚಾರದ ಸುತ್ತ ಕಲೆಹಾಕುತ್ತಾರೆ. ಮನುಷ್ಯಸ್ವಭಾವಕ್ಕೆ ಒಂದು ಅಧ್ಯಾಯ, ವೈದ್ಯರಿಗೆ ಒಂದು, ಸುಳ್ಳುಗಾರರಿಗೆ ಇನ್ನೊಂದು. ಪ್ರತಿ ಪದದ ಗ್ರೀಕ್ ಅಥವಾ ಲ್ಯಾಟಿನ್ ಮೂಲವನ್ನು ಬಿಡಿಸಿ ತೋರಿಸುವುದರಿಂದ ಒಂದು ಧಾತು ತಿಳಿದರೆ ಐದಾರು ಪದಗಳ ಅರ್ಥ ತಾನಾಗಿ ಹೊಳೆಯುತ್ತದೆ. ಉಚ್ಚಾರಣೆ ಹೇಳಿಸುತ್ತಾರೆ, ಪುಟಪುಟಕ್ಕೂ ಅಭ್ಯಾಸ ಕೊಡುತ್ತಾರೆ, ಕಲಿತದ್ದನ್ನು ಮತ್ತೆ ಮತ್ತೆ ನೆನಪಿಸುತ್ತಾರೆ. ಕಲಿತದ್ದು ಪುನರಾವರ್ತನೆಯಿಲ್ಲದೆ ಬೇಗ ಮರೆತುಹೋಗುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಆ ತಿಳಿವನ್ನು ಇಷ್ಟು ಸಲೀಸಾಗಿ ಪಾಠಕ್ಕೆ ಇಳಿಸಿದ ಪುಸ್ತಕಗಳು ಕಡಿಮೆ.

ತೊಡಕಿರುವುದು ಬೇರೆಡೆ. ಲೂಯಿಸ್ ಎದುರಿಗಿಟ್ಟುಕೊಂಡ ಓದುಗ ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಅಮೆರಿಕದ ವಯಸ್ಕ. ಅವನಿಗೆ ವಾಕ್ಯ ಕಟ್ಟುವುದು ಗೊತ್ತು. ಯಾವ ಪದದ ಜೊತೆ ಯಾವುದು ಬರುತ್ತದೆಂಬುದು ಕಿವಿಯಲ್ಲೇ ಇದೆ. ಅವನಿಗೆ ಬೇಕಿದ್ದುದು ಅಪರೂಪದ ಪದಗಳು ಮಾತ್ರ. ‘ಮಿಸಾಂತ್ರೋಪ್’, ‘ಅಸೆಟಿಕ್’ ಅವನಿಗೆ ಹೊಸ ಸಂಪಾದನೆ. ಹಾವೇರಿಯಲ್ಲೋ ಕಲಬುರಗಿಯಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯ ಕೊರತೆ ಬೇರೆ. ಬಳಕೆಯ ಪದಗಳು ಅವಳಿಗೆ ಗೊತ್ತು, ಅವುಗಳ ಒಡನಾಟ ಗೊತ್ತಿಲ್ಲ. ಕನ್ನಡದಲ್ಲಿ ‘ಬಗ್ಗೆ ಚರ್ಚಿಸು’ ಅನ್ನುತ್ತೇವಾದ್ದರಿಂದ ‘ಡಿಸ್ಕಸ್ ಅಬೌಟ್’ ಎಂದು ಬರೆದುಬಿಡುತ್ತಾಳೆ. ಅದನ್ನು ತಿದ್ದುವುದು ಈ ಪುಸ್ತಕದ ಗುರಿಯಲ್ಲ.

ಪರೀಕ್ಷೆ ಕೇಳುವುದಾದರೂ ಏನು? ಐಇಎಲ್‌ಟಿಎಸ್‌ನಲ್ಲಿ ಪದದ ಅರ್ಥ ಬರೆಯಿರಿ ಎಂಬ ವಿಭಾಗವೇ ಇಲ್ಲ. ಬರವಣಿಗೆಗೂ ಮಾತಿಗೂ ಅಂಕ ಕೊಡುವಾಗ ಪದಬಳಕೆಗೆ ಕಾಲುಭಾಗದ ತೂಕವಿದೆ. ಅಲ್ಲಿ ಪರೀಕ್ಷಕರು ನೋಡುವುದು ಪದಗಳ ವ್ಯಾಪ್ತಿ, ನಿಖರತೆ, ಸಹಜವಾದ ಜೋಡಣೆ. ಓದಿನ ವಿಭಾಗದಲ್ಲಿ 60 ನಿಮಿಷಕ್ಕೆ 40 ಪ್ರಶ್ನೆ. ಪಾಠದಲ್ಲಿ ಒಂದು ಮಾತಿನಲ್ಲಿ ಹೇಳಿದ್ದನ್ನು ಪ್ರಶ್ನೆ ಇನ್ನೊಂದು ಮಾತಿನಲ್ಲಿ ಕೇಳುತ್ತದೆ. ಆಲಿಸುವ ವಿಭಾಗದಲ್ಲಿ ಪದ ಸರಿಯಾಗಿ ಕೇಳಿಸಿಕೊಂಡರೂ ಕಾಗುಣಿತ ತಪ್ಪಿದರೆ ಅಂಕ ಹೋಯಿತು. ಎಲ್ಲ ಕಡೆಯೂ ಪರೀಕ್ಷೆಗೊಳಗಾಗುವುದು ಸಾಮಾನ್ಯ ಪದಗಳ ಮೇಲಿನ ಹಿಡಿತ. 40 ನಿಮಿಷದಲ್ಲಿ 250 ಪದಗಳ ಪ್ರಬಂಧ ಬರೆಯುವಾಗ ಬಾಯಿಪಾಠದ ಭಾರಿ ಪದವೊಂದನ್ನು ತುರುಕಿದರೆ ವಾಕ್ಯ ಕುಂಟುತ್ತದೆ, ಅಂಕವೂ ಇಳಿಯುತ್ತದೆ.

ಹಾಗಾದರೆ ಯಾವ ಪದಗಳನ್ನು ಕಲಿಯಬೇಕು? ಇದಕ್ಕೆ ಉತ್ತರ ಹುಡುಕಿದವರ ಪರಂಪರೆಯೇ ಇದೆ. ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸುವ ಬಗೆಯನ್ನು ವರ್ಷಗಟ್ಟಲೆ ಯೋಚಿಸಿದ ಮೈಕಲ್ ವೆಸ್ಟ್, ಅತಿ ಹೆಚ್ಚು ಬಳಕೆಯಾಗುವ ಸುಮಾರು 2000 ಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದರು. ಅದನ್ನು ತಳಹದಿ ಮಾಡಿಕೊಂಡು ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ‘ಅಕಾಡೆಮಿಕ್ ವರ್ಡ್ ಲಿಸ್ಟ್’ ಕೊಟ್ಟರು. ‘ಅನಲೈಸ್’, ‘ಫ್ಯಾಕ್ಟರ್’, ‘ಸಿಗ್ನಿಫಿಕೆಂಟ್’ ಬಗೆಯ 570 ಪದಕುಟುಂಬಗಳು ಅದರಲ್ಲಿವೆ. ವಿಶ್ವವಿದ್ಯಾಲಯದ ಪಠ್ಯಗಳಲ್ಲಿ ಬರುವ ಪದಗಳಲ್ಲಿ ಸುಮಾರು ಹತ್ತನೇ ಒಂದು ಭಾಗ ಇವೇ. ಐಇಎಲ್‌ಟಿಎಸ್ ಅಕಾಡೆಮಿಕ್ ಬರೆಯುವವರಿಗೆ ಲೂಯಿಸ್‌ಗಿಂತ ಈ ಪಟ್ಟಿ ಎಷ್ಟೋ ಹತ್ತಿರದ್ದು.

ಆದರೆ ಈ ಪಟ್ಟಿಗೂ ಮಿತಿಯಿದೆ. ಯಾವ ಪದ ಬೇಕೆಂದು ಅದು ಹೇಳುತ್ತದೆ, ಹೇಗೆ ಬಳಸಬೇಕೆಂದು ಹೇಳುವುದಿಲ್ಲ. ಊರು, ಅಡುಗೆ, ಗೆಳೆತನ ಕುರಿತು ಮಾತಾಡಬೇಕಾದ ಸಂದರ್ಶನಕ್ಕೆ ಅದರಿಂದ ನೆರವು ಕಡಿಮೆ. ಮೊಬೈಲ್ ಆ್ಯಪ್‌ಗಳ ಮೇಲೂ ಇದೇ ಆಕ್ಷೇಪ: ಸರಿಯಾದ ಅಂತರದಲ್ಲಿ ಪದವನ್ನು ಮತ್ತೆ ಎದುರಿಗಿಡುವುದರಲ್ಲಿ ಅವು ನಿಪುಣ, ಆದರೆ ಒಂದು ಪದಕ್ಕೆ ಒಂದೇ ಅರ್ಥ ಎಂದು ಕಲಿತರೆ ಆ ಶ್ರಮ ವ್ಯರ್ಥ.

ಫಲ ಕೊಡುವ ಅಭ್ಯಾಸ ತೀರ ಸರಳ. ದಿನಕ್ಕೊಂದು ಇಂಗ್ಲಿಷ್ ಲೇಖನ ಓದಬೇಕು. ಹೊಸದೆನಿಸಿದ ಪದವನ್ನು ಒಂಟಿಯಾಗಿ ಬರೆದುಕೊಳ್ಳದೆ, ಅದು ಬಂದ ವಾಕ್ಯದ ಸಮೇತ ನೋಟ್‌ಬುಕ್ಕಿಗೆ ಇಳಿಸಬೇಕು. ಅದೇ ಪದ ಇಟ್ಟು ತನ್ನ ಬದುಕಿನದೇ ಒಂದು ವಾಕ್ಯ ಬರೆಯಬೇಕು, ಗಟ್ಟಿಯಾಗಿ ಓದಬೇಕು. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಪುಟ ಮುಚ್ಚಿ ನೆನಪಿಸಿಕೊಳ್ಳಬೇಕು. ಹೀಗೆ ಕಲಿತ ಹತ್ತು ಪದ, ಗಿಳಿಪಾಠ ಮಾಡಿದ ನೂರು ಪದಕ್ಕಿಂತ ಹೆಚ್ಚು ಬಾಳಿಕೆ ಬರುತ್ತದೆ.

ಲೂಯಿಸ್ ಪುಸ್ತಕವನ್ನು ಬಿಸಾಡಬೇಕಿಲ್ಲ. ಭಾಷೆಯ ಮೇಲೆ ಪ್ರೀತಿ ಹುಟ್ಟಿಸುವ ಶಕ್ತಿ ಅದಕ್ಕಿದೆ. ಇಂಗ್ಲಿಷ್ ಚೆನ್ನಾಗಿ ಬಂದವರು ಬಿಡುವಿನಲ್ಲಿ ಓದಲೇಬೇಕಾದ ಕೃತಿ ಅದು. ಆದರೆ ಮೂರು ತಿಂಗಳಲ್ಲಿ ಐಇಎಲ್‌ಟಿಎಸ್ ಬರೆಯಬೇಕಾದ, ದುಬಾರಿ ಶುಲ್ಕ ಕಟ್ಟಿರುವ ವಿದ್ಯಾರ್ಥಿಯ ಕೈಗೆ ಅದನ್ನು ಮೊದಲ ಪುಸ್ತಕವಾಗಿ ಕೊಡುವುದು ಅನ್ಯಾಯ. ಕೋಚಿಂಗ್ ಕೊಡುವವರು ಪದಪಟ್ಟಿ ಹಂಚುವುದನ್ನು ಕಡಿಮೆ ಮಾಡಿ, ಓದಿಸುವುದನ್ನೂ ಬರೆಸಿ ತಿದ್ದುವುದನ್ನೂ ಹೆಚ್ಚು ಮಾಡಲಿ.