ಕಾರ್ಯವಿಧಾನದ ಪ್ರಭೇದಗಳೂ ಕಾರಣದ ದಾಖಲೆಯೂ

ತಂತ್ರಾಂಶವನ್ನು ನಿರ್ಮಿಸುವ ಕೆಲಸಕ್ಕೂ ಒಂದು ಕ್ರಮವುಂಟು: ಬೇಕಾದುದನ್ನು ಗೊತ್ತುಮಾಡಿಕೊಳ್ಳುವುದು, ವಿನ್ಯಾಸ, ರಚನೆ, ಪರೀಕ್ಷೆ, ಒಪ್ಪಿಸುವಿಕೆ. ಈ ಕ್ರಮ ಎಲ್ಲೆಡೆಯೂ ಒಂದೇ ಆಗಿರುವುದಿಲ್ಲ. ಒಂದೇ ಸಂಸ್ಥೆಯೊಳಗೂ ಅದಕ್ಕೆ ಹಲವು ಪ್ರಭೇದಗಳಿರುತ್ತವೆ. ಇವನ್ನು ಒಂದು ಮಾದರಿಯಲ್ಲಿ ಅಡಕಗೊಳಿಸಿ ನಿರ್ವಹಿಸುವ ಶಾಸ್ತ್ರವನ್ನು ಚರಿತ್ರೆಯ ವಿದ್ಯಾರ್ಥಿಯ ದೃಷ್ಟಿಯಿಂದ ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಂತ್ರಾಂಶವನ್ನು ನಿರ್ಮಿಸುವ ವಿಧಾನವೂ ಒಂದು ಬಗೆಯ ತಂತ್ರಾಂಶವೇ ಎಂದು 1987ರಲ್ಲಿ ಲಿಯನ್ ಆಸ್ಟರ್‌ವೈಲ್ ಅವರು ಪ್ರತಿಪಾದಿಸಿದರು. ಇದನ್ನು ಒಪ್ಪಿದರೆ, ತಂತ್ರಾಂಶದ ಪ್ರಭೇದಗಳಿಗೆ ಸಲ್ಲುವ ಉಪಾಯ ವಿಧಾನದ ಪ್ರಭೇದಗಳಿಗೂ ಸಲ್ಲಬೇಕು. ಅಂಥ ಉಪಾಯವನ್ನು 1990ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಿಂದ ಕ್ಯೋ ಕಾಂಗ್ ಮತ್ತು ಅವರ ಸಹೋದ್ಯೋಗಿಗಳು ವರದಿಯೊಂದರಲ್ಲಿ ಮಂಡಿಸಿದರು. ಲಕ್ಷಣಗಳನ್ನು ವೃಕ್ಷದ ಆಕಾರದಲ್ಲಿ ಜೋಡಿಸಿ, ಕಡ್ಡಾಯವಾದುದು, ಐಚ್ಛಿಕವಾದುದು, ಪರ್ಯಾಯವಾದುದು ಎಂದು ವಿಂಗಡಿಸುವುದೇ ಇದರ ತಿರುಳು. ಜರ್ಮನಿಯಲ್ಲಿ 2005ರಲ್ಲಿ ಪ್ರಕಟವಾದ ‘ವಿ-ಮಾಡೆಲ್ ಎಕ್ಸ್‌ಟಿ’ಯಲ್ಲಿಯೂ ಇದೇ ಜಾತಿಯ ಚಿಂತನೆಯಿದೆ. ಅಲ್ಲಿ ಯೋಜನೆಯ ನಿರ್ವಹಣೆ, ಗುಣಮಟ್ಟದ ರಕ್ಷಣೆ ಮೊದಲಾದ ನಾಲ್ಕು ಅಂಗಗಳು ಕಡ್ಡಾಯ. ಉಳಿದವು ಯೋಜನೆಯ ಸ್ವಭಾವಕ್ಕೆ ತಕ್ಕಂತೆ ಆಯ್ಕೆಯಾಗುತ್ತವೆ.

ಈ ವ್ಯವಸ್ಥೆಯ ಉಪಯೋಗ ನಿರ್ವಿವಾದ. ಆದರೆ ಇಲ್ಲಿ ಒಂದು ಶಂಕೆ ಏಳುತ್ತದೆ. ಹಸ್ತಪ್ರತಿಗಳನ್ನು ಪರಿಷ್ಕರಿಸುವವನು ಪಾಠಾಂತರಗಳನ್ನು ಪಟ್ಟಿಮಾಡಿದ ಮಾತ್ರಕ್ಕೆ ತೃಪ್ತನಾಗುವುದಿಲ್ಲ. ಭೇದ ಹೇಗೆ ಹುಟ್ಟಿತೆಂದು ವಿಚಾರಿಸುತ್ತಾನೆ. ಎಲ್ಲ ಪ್ರತಿಗಳಲ್ಲಿಯೂ ಒಂದೇ ಪಾಠವಿದ್ದರೂ ಅದು ಮೂಲದ್ದೇ ಎನ್ನಲಾಗದು. ಮಾತೃಕೆಯ ದೋಷವೂ ಹಾಗೆಯೇ ಇಳಿದುಬಂದಿರಬಹುದು. ವೃಕ್ಷದ ಮಾದರಿಯಾದರೋ ಯಾವುದು ಸಮಾನ, ಯಾವುದು ಭಿನ್ನ ಎಂಬುದನ್ನು ತಿಳಿಸುತ್ತದೆ. ಏಕೆ ಎಂಬುದನ್ನು ತಿಳಿಸುವುದಿಲ್ಲ. ವಿಶೇಷವೆಂದರೆ, 1990ರ ವರದಿಯಲ್ಲಿಯೇ ಲಕ್ಷಣದ ಆಯ್ಕೆಗೆ ಕಾರಣವನ್ನು ಬರೆದಿಡಲು ಸ್ಥಾನವಿತ್ತು. ಮುಂದಿನವರ ಬಳಕೆಯಲ್ಲಿ ಹೆಚ್ಚಾಗಿ ಉಳಿದುದು ವೃಕ್ಷ ಮತ್ತು ಅದರ ನಿಯಮಗಳು ಮಾತ್ರ.

ಈ ಲೋಪದ ಫಲವೇನೆಂಬುದಕ್ಕೆ ಆರಿಯಾನ್ 5 ರಾಕೆಟ್ಟಿನ ದುರಂತ ನಿದರ್ಶನ. 1996ರ ಜೂನ್ 4ರಂದು ಆ ರಾಕೆಟ್ಟಿನ ಮೊದಲನೆಯ ಹಾರಾಟ, ಆರಂಭವಾದ ಸುಮಾರು 40 ಸೆಕೆಂಡುಗಳಲ್ಲಿ ಸ್ಫೋಟದಲ್ಲಿ ಮುಗಿಯಿತು. ನೆಲದಿಂದ ಮೇಲೇರುವ ಮೊದಲು ದಿಕ್ಸಾಧನವನ್ನು ಸರಿಹೊಂದಿಸುವ ಕಾರ್ಯವೊಂದು, ಏರಿದ ಮೇಲೆಯೂ ಸ್ವಲ್ಪ ಕಾಲ ನಡೆಯುತ್ತಿತ್ತು. ಉಡಾವಣೆ ಕಡೆಯ ಗಳಿಗೆಯಲ್ಲಿ ತಡೆದರೆ ಬೇಗನೆ ಮತ್ತೆ ಆರಂಭಿಸಲು ಹಳೆಯ ಆರಿಯಾನ್‌ಗಳಿಗೆ ಇದು ಬೇಕಾಗಿತ್ತು. ಆರಿಯಾನ್ 5ರ ಸಿದ್ಧತೆಯ ಕ್ರಮವೇ ಬೇರೆ. ಅದಕ್ಕೆ ಇದು ಬೇಕಿರಲಿಲ್ಲ. ಹೊಸ ರಾಕೆಟ್ಟಿನ ಹೆಚ್ಚಿನ ವೇಗದಿಂದಾಗಿ ಈ ನಿರುಪಯುಕ್ತ ಕಾರ್ಯದಲ್ಲಿ ಸಂಖ್ಯೆಯೊಂದು ತನಗೆ ಗೊತ್ತುಮಾಡಿದ್ದ ಮಿತಿಯನ್ನು ಮೀರಿತು. ಎರಡು ದಿಕ್ಸಾಧನಗಳಲ್ಲಿಯೂ ಇದ್ದುದು ಒಂದೇ ತಂತ್ರಾಂಶವಾದ್ದರಿಂದ ಎರಡೂ ನಿಂತವು. ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ವಿಚಾರಣಾ ಮಂಡಲಿಯು, ಆ ಕಾರ್ಯವನ್ನು ಸಮಾನತೆಯ ದೃಷ್ಟಿಯಿಂದ ಉಳಿಸಿಕೊಳ್ಳಲಾಗಿತ್ತೆಂದು ಹೇಳಿತು. ಕೆಲವು ಸಂಖ್ಯೆಗಳಿಗೆ ರಕ್ಷಣೆ ಕೊಡದಿದ್ದುದರ ಸಮರ್ಥನೆ ಮೂಲ ಬರಹದಲ್ಲಿ ಕಾಣಲಿಲ್ಲವೆಂದೂ ತಿಳಿಸಿತು. ಅಂದರೆ ಕಾರ್ಯ ಮುಂದಿನ ಪ್ರಭೇದಕ್ಕೆ ಸಾಗಿತು. ಕಾರಣ ಅದರೊಡನೆ ಸಾಗಲಿಲ್ಲ.

ಪ್ರತಿಯೊಂದು ಹೆಜ್ಜೆಗೂ ಕಾರಣ ಬರೆಯುತ್ತ ಕುಳಿತರೆ ಕೆಲಸ ಸಾಗೀತೆ ಎಂದು ಆಕ್ಷೇಪಿಸಬಹುದು. ದೀರ್ಘ ವಿವರಣೆ ಬೇಕಿಲ್ಲ. ಈ ಹೆಜ್ಜೆ ಯಾವ ಪ್ರಭೇದದಲ್ಲಿ ಮೊದಲು ಬಂದಿತು, ಯಾವ ಅಗತ್ಯಕ್ಕಾಗಿ ಬಂದಿತು, ಯಾವ ಸ್ಥಿತಿಯಲ್ಲಿ ಆ ಅಗತ್ಯ ತೀರುತ್ತದೆ—ಈ ಮೂರು ವಾಕ್ಯಗಳು ಸಾಕು. ಅದರಲ್ಲಿಯೂ ‘ಕಡ್ಡಾಯ’ವೆಂದು ಗುರುತಿಸಿದ ಅಂಗಗಳಿಗೆ ಇವು ಅವಶ್ಯ. ಐಚ್ಛಿಕವಾದುದನ್ನು ಆರಿಸುವಾಗಲೆಲ್ಲ ಪರಿಶೀಲಿಸುತ್ತೇವೆ. ಕಡ್ಡಾಯವಾದುದನ್ನು ಯಾರೂ ಕೇಳುವುದಿಲ್ಲ. ಎಲ್ಲದರಲ್ಲಿಯೂ ಇರುವುದು ಎಲ್ಲಕ್ಕೂ ಬೇಕಾದುದೆಂದು ಭಾವಿಸುವುದೇ ಈ ಮಾದರಿಗಳು ತಂದೊಡ್ಡುವ ಮುಖ್ಯ ಅಪಾಯ. ಅದನ್ನು ನಿವಾರಿಸುವ ಸಾಧನ 1990ರ ವರದಿಯಲ್ಲಿಯೇ ಇದೆ. ಅದನ್ನು ಮತ್ತೆ ಬಳಕೆಗೆ ತರುವುದಷ್ಟೇ ಉಳಿದಿರುವ ಕೆಲಸ.