ಓದಿದವರ ಕಿವಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಾಲೇಜು ವಿದ್ಯಾರ್ಥಿಗಳಿಗೆ ಸಂಗೀತ ಕೇಳುವುದನ್ನು ಕಲಿಸಲು ಎಲ್ಲಿಂದ ಆರಂಭಿಸಬೇಕು? ಇದೇ ಜಿಲ್ಲೆಯ ಕಡಕೋಳ ಮಡಿವಾಳಪ್ಪನವರ ತತ್ವಪದದಿಂದ ಎಂದು ನನ್ನ ಮತ. ಪರೀಕ್ಷೆಗಾಗಿ ಅಚ್ಚಿನಲ್ಲಿ ಓದಿ ಅರ್ಥ ಬಿಡಿಸಿದರೆ ದಕ್ಕುವುದು ಅರ್ಧ ಪದ. ಏಕತಾರಿಯ ಶ್ರುತಿ, ದಮ್ಮಡಿಯ ಪೆಟ್ಟು, ಪಲ್ಲವಿಗೆ ಮರಳುವ ಮೇಳ, ಇವೂ ಅರ್ಥವೇ. ಅದರ ಜೊತೆಗೆ ಮೊಹರಮ್ಮಿನ ರಿವಾಯತನ್ನೂ ಮಲ್ಲಿಕಾರ್ಜುನ ಮನಸೂರರು (1910–1992) ಹಾಡಿದ ವಚನವನ್ನೂ ಕೇಳಿಸಬೇಕು. ತತ್ವಪದದಲ್ಲಿ ಮಾತು ಮುಂದೆ ನಡೆದು ಧಾಟಿ ಹಿಂಬಾಲಿಸುತ್ತದೆ; ಮನಸೂರರಲ್ಲಿ ಒಂದೇ ಮಾತು ರಾಗದೊಳಗೆ ಹೊರಳಿ ಹೊರಳಿ ಬೆಳೆಯುತ್ತದೆ. ಈ ಭೇದ ತಿಳಿದವನು ಮೇಲುಕೀಳಿನ ಮಾತನ್ನು ತಾನೇ ಬಿಡುತ್ತಾನೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಓದದೆಯೂ ಕಾವ್ಯ ಬಲ್ಲ ಜನರನ್ನು 9ನೆಯ ಶತಮಾನದ ‘ಕವಿರಾಜಮಾರ್ಗ’ ಮೆಚ್ಚಿತು. ಅವರಿಗಿದ್ದ ಕಿವಿಯನ್ನು ನಮ್ಮ ಮಕ್ಕಳು ಓದಿ ಕಳೆದುಕೊಳ್ಳಬಾರದು.